ಅಮೃತಮಹಲ್ ಹೋರಿಯ ಅರ್ಹತಾ ಪರೀಕ್ಷೆ

ಚಳ್ಳಕೆರೆ ಬಳಿಯ ವರವು ಕಾವಲಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಮುಂಚೆ ಅಲ್ಲಿ ಅಮೃತಮಹಲ್ ರಾಸುಗಳು ಮೇಯುತ್ತಿದ್ದವು. ಆಯುಧ ಹೊತ್ತ ಸೇನಾ ಡ್ರೋನನ್ನು ಹಾರಿಸಲು ಯಾರು ಅರ್ಹರು ಎಂದು ಕೇಳಲು ಹೋದ ನಮ್ಮ ವರದಿಗಾರರಿಗೆ ಗೇಟಿನೊಳಗೆ ಪ್ರವೇಶ ಸಿಗಲಿಲ್ಲ. ಬೇಲಿಯಾಚೆ ಮೆಲುಕು ಹಾಕುತ್ತಿದ್ದ ಹೋರಿ ಸಿಕ್ಕಿತು.

ನಮಸ್ಕಾರ ಯಜಮಾನರೇ. ಡ್ರೋನಿನ ಬಗ್ಗೆ ಹೋರಿಯನ್ನು ಕೇಳುವುದೇ ಎಂದು ಓದುಗರು ನಕ್ಕಾರು.

ನಗಲಿ ಬಿಡಪ್ಪ. ನಮ್ಮದು ಮಿಲಿಟರಿ ಮನೆತನ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಇಲಾಖೆಗೆ ಅಮೃತಮಹಲ್ ಅಂತ ಹೆಸರಿಟ್ಟವನು ಟಿಪ್ಪು. ಬೋರ್ಡಿನಲ್ಲಿ ಹಾಲು ಬೆಣ್ಣೆ, ಡ್ಯೂಟಿ ಮಾತ್ರ ಫಿರಂಗಿ ಎಳೆಯೋದು. 1779ರಲ್ಲಿ ಹೈದರಾಲಿ ಈ ಚಿತ್ರದುರ್ಗ ಹಿಡಿದಾಗ ನಾವು ಯಾವ ಕಡೆ ಇದ್ವಿ ಅಂತ ಮಾತ್ರ ಕೇಳಬೇಡ. ಕೋಟೆಯ ಕಿಂಡಿಯಲ್ಲಿ ಹೈದರನ ಸೈನಿಕರನ್ನು ಹೊಡೆದ ಓಬವ್ವನ ಪ್ರತಿಮೆ ಊರಲ್ಲಿದೆ.

ಆಗಲಿ. ಈಗಿನ ಕಾನೂನು ಏನನ್ನುತ್ತದೆ?

2021ರ ಡ್ರೋನ್ ನಿಯಮ ಓದಿದೀಯಾ? ಹತ್ತನೇ ತರಗತಿ ಪಾಸಾಗಿರಬೇಕು, ವಯಸ್ಸು 18ರಿಂದ 65ರೊಳಗೆ, ಮಾನ್ಯತೆ ಇರೋ ಕಡೆ ತರಬೇತಿ. ‘ನಮೋ ಡ್ರೋನ್ ದೀದಿ’ಯ ಹೆಣ್ಣುಮಕ್ಕಳು ಹದಿನೈದು ದಿನ ಕಲಿತು ಬೆಳೆಗೆ ಔಷಧಿ ಹೊಡೀತಾರೆ. ಆದರೆ ಮೂರೂ ಸೇನೆಗಳ ಡ್ರೋನಿಗೆ ಆ ನಿಯಮ ಅನ್ವಯಿಸಲ್ಲ. ಶೇಂಗಾ ಹುಳಕ್ಕೆ ಗುರಿ ಇಡೋರ ಅರ್ಹತೆ ರಾಜ್ಯಪತ್ರದಲ್ಲಿದೆ, ಮನುಷ್ಯನಿಗೆ ಗುರಿ ಇಡೋರದ್ದು ಬೀರುವಿನಲ್ಲಿದೆ.

ಅಮೆರಿಕದವರು ಇದನ್ನು ಹೇಗೆ ಬಗೆಹರಿಸಿಕೊಂಡರು?

ಭುಜದ ಪಟ್ಟಿ ಎಣಿಸಿ. ಅವರ ವಾಯುಪಡೆ ಬಹುಕಾಲ ಅಧಿಕಾರಿಗಳಿಗೆ ಮಾತ್ರ ಡ್ರೋನ್ ಹಾರಿಸೋ ಕುರ್ಚಿ ಕೊಡ್ತಿತ್ತು. 2015ರ ಕೊನೆಗೆ ಕೆಳದರ್ಜೆಯವರಿಗೂ ಅವಕಾಶ ಕೊಡ್ತೀವಿ ಅಂದರು, ಅದೂ ಆಯುಧವೇ ಇಲ್ಲದ ಗ್ಲೋಬಲ್ ಹಾಕ್‌ಗೆ. ಅದೇ ದೇಶದ ಭೂಸೇನೆಯಲ್ಲಿ ಸಾಮಾನ್ಯ ಸೈನಿಕರೇ ಕ್ಷಿಪಣಿ ಹೊರುವ ಗ್ರೇ ಈಗಲ್ ಹಾರಿಸ್ತಿದ್ದರು.

ಅಂದರೆ ಪದವಿ ಮುಖ್ಯವಲ್ಲ ಅನ್ನುತ್ತೀರಾ?

2021ರ ಆಗಸ್ಟ್ 29, ಕಾಬೂಲ್. ಉಗ್ರನ ಕಾರು ಅಂತ ಅಮೆರಿಕದವರು ಡ್ರೋನಿನಿಂದ ಹೊಡೆದರು. ಸತ್ತವರು ಹತ್ತು ಜನ ನಾಗರಿಕರು, ಅದರಲ್ಲಿ ಏಳು ಮಕ್ಕಳು. ತರಬೇತಿ ಇತ್ತು, ಕ್ಯಾಮೆರಾ ಇತ್ತು, ಮೇಲಿನವರ ಒಪ್ಪಿಗೆಯೂ ಇತ್ತು. ತಪ್ಪಾಯಿತು ಅಂತ ಮುಂದಿನ ತಿಂಗಳು ಒಪ್ಪಿಕೊಂಡರು. ಡಿಸೆಂಬರಿನಲ್ಲಿ, ಯಾರ ಮೇಲೂ ಶಿಸ್ತುಕ್ರಮ ಇಲ್ಲ ಅಂದರು. ಎಲ್ಲರೂ ಅರ್ಹರೇ ಕಣಪ್ಪ, ಹೊಣೆಗಾರ ಮಾತ್ರ ಒಬ್ಬನೂ ಇಲ್ಲ.

ನಮ್ಮ ಜಿಲ್ಲೆಗೆ ಬರೋಣ. ತಪಸ್ ಡ್ರೋನನ್ನು ನೀವು ನೋಡಿದ್ದೀರಿ.

ದಿನಾ ತಲೆ ಮೇಲೇ ಇತ್ತಲ್ಲ! ಅದು ಕಣ್ಗಾವಲಿನದು, ಆಯುಧದ್ದಲ್ಲ. 2023ರ ಜೂನ್ 16ರಂದು ಇಲ್ಲಿಂದ ಎದ್ದು ಕಾರವಾರದ ಕಡಲಿಗೆ ಹೋಯಿತು. ಕಾರವಾರದಿಂದ 148 ಕಿಲೋಮೀಟರ್ ದೂರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು ನಲವತ್ತು ನಿಮಿಷ ಲಗಾಮು ಹಿಡಿಯಿತು. ಸಾಧನೆಯೇ, ಇಲ್ಲ ಅನ್ನಲ್ಲ. ಆದರೆ ನಾಳೆ ಆಯುಧ ಕಟ್ಟಿದ ಡ್ರೋನಿನ ಲಗಾಮು ಹೀಗೆ ಕೈಯಿಂದ ಕೈಗೆ ದಾಟೋವಾಗ ಎಡವಟ್ಟಾದರೆ, ದುರ್ಗದವರು ಕಾರವಾರ ತೋರಿಸ್ತಾರೆ, ಕಾರವಾರದವರು ದುರ್ಗ ತೋರಿಸ್ತಾರೆ.

ಅದೇ ವರ್ಷದ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆಯಲ್ಲಿ ತಪಸ್ ಬಿತ್ತಲ್ಲ?

ಹೌದು, ಹೊಲಕ್ಕೆ. 2019ರಲ್ಲಿ ಜೋಡಿಚಿಕ್ಕೇನಹಳ್ಳಿಯಲ್ಲೂ ಒಂದು ಬಿದ್ದಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಪರೀಕ್ಷೆ ಅಂದಮೇಲೆ ಬೀಳೋದೂ ಉಂಟು. ಊರವರು ಮೊಬೈಲ್ ಹಿಡಿದು ಸುತ್ತ ನಿಂತರು. ಮೇಲಿಂದ ಏನೇ ಬಿದ್ದರೂ ಅದನ್ನು ಹತ್ತಿರದಿಂದ ನೋಡೋರು ಹಾರಿಸಿದವರಲ್ಲ, ಹೊಲದವರು.

ಓಬವ್ವನಿಗೂ ಪ್ರಮಾಣಪತ್ರ ಇರಲಿಲ್ಲವಲ್ಲ?

ಇರಲಿಲ್ಲ. ಆದರೆ ಕಿಂಡಿಯಲ್ಲಿ ತಲೆ ಹಾಕಿದವನು ಯಾರು ಅಂತ ಅನುಮಾನವೂ ಇರಲಿಲ್ಲ. ಹೊಡೆದ ಮೇಲೆ ಹೆಣ ಎಳೆದು ಪಕ್ಕಕ್ಕೆ ಹಾಕಿದವಳೂ ಅವಳೇ. ನಮ್ಮ ಕಡೆಯವರನ್ನೇ ಹೊಡೆದರೂ ಆ ಹೆಂಗಸನ್ನು ನಾನು ಪಾಸು ಮಾಡ್ತೀನಿ.

ಹಾಗಾದರೆ ಅರ್ಜಿಯಲ್ಲಿ ನೀವು ಹಾಕುವ ಷರತ್ತು?

ಮೂರು. ಗುಂಡಿ ಒತ್ತುವವನ ಜೊತೆ ಒತ್ತು ಅಂದವನ ಹೆಸರೂ ಡ್ರೋನ್ ಏಳೋಕೆ ಮುಂಚೆ ದಾಖಲಾಗಬೇಕು. ಅನುಮಾನ ಬಂದಾಗ ‘ಒತ್ತಲ್ಲ ಸಾರ್’ ಅಂದವನ ಬಡ್ತಿ ನಿಲ್ಲಬಾರದು. ತಪ್ಪಿ ಬಿದ್ದರೆ, ಬಿದ್ದ ಜಾಗದ ಪಂಚನಾಮೆಗೆ ಇಬ್ಬರೂ ಸಹಿ ಹಾಕಬೇಕು.

ಸೇನೆಯವರು ಇದಕ್ಕೆ ಒಪ್ಪುತ್ತಾರೆಯೇ?

ನಾನು ಯಾರದೋ ರಾಗಿ ಹೊಲಕ್ಕೆ ನುಗ್ಗಿದರೆ ದೊಡ್ಡಿಗೆ ಹಾಕ್ತಾರೆ. ಒಡೆಯ ಬಂದು, ಇದು ನನ್ನದೇ ಅಂತ ಒಪ್ಪಿ, ದಂಡ ಕಟ್ಟಿದರೇನೇ ಬಿಡುಗಡೆ. ನಾಲ್ಕು ಕಾಲಿನ ನನಗೇ ಇಷ್ಟು ಕಟ್ಟುನಿಟ್ಟು! 2024ರ ಅಕ್ಟೋಬರಿನಲ್ಲಿ ಅಮೆರಿಕದಿಂದ 31 ಆಯುಧಧಾರಿ ಎಂಕ್ಯೂ-9ಬಿ ಕೊಳ್ಳೋಕೆ ಸಹಿ ಹಾಕಿದರಲ್ಲ, ನಿಮ್ಮ ಪತ್ರಿಕೆಯಲ್ಲೇ ಒಂದು ಮಾತು ಕೇಳಿ ಬರಿ: ಅವುಗಳಿಗೆ ದೊಡ್ಡಿ ಎಲ್ಲಿ ಕಟ್ಟಿಸ್ತಾರಂತೆ?