ನಿದ್ದೆಯಲ್ಲಿರುವ ಸುತ್ತೋಲೆಗೊಂದು ಬಹಿರಂಗ ಪತ್ರ

ಇವರಿಗೆ,
1992ರ ಜೂನ್ 5ರ ಸುತ್ತೋಲೆಯವರು,
ಕೇಂದ್ರ ಆರೋಗ್ಯ ಸಚಿವಾಲಯದ ಯಾವುದೋ ಕಪಾಟು, ದೆಹಲಿ.

ವಿಷಯ: ತಮ್ಮ ಸುದೀರ್ಘ ನಿದ್ರೆಗೆ ಅಭಿನಂದನೆ ಸಲ್ಲಿಸುವ ಕುರಿತು.

ಮಾನ್ಯರೇ,

ದೇಶದ ವೈದ್ಯಕೀಯ ರಂಗದಲ್ಲಿ ಕಣ್ತುಂಬ ನಿದ್ದೆ ಮಾಡಿದವರೆಂದರೆ ತಾವೊಬ್ಬರೇ. ರೆಸಿಡೆಂಟ್ ವೈದ್ಯರಿಗೆ ಒಂದೇ ಸಮನೆ 12 ಗಂಟೆ ಮೀರದ ಡ್ಯೂಟಿ, ವಾರಕ್ಕೆ ಸಾಮಾನ್ಯವಾಗಿ 48 ಗಂಟೆ ಕೆಲಸ, ವಾರಕ್ಕೊಂದು ರಜೆ ಎಂದು ಬರೆಸಿಕೊಂಡು ತಾವು ಫೈಲಿನೊಳಗೆ ಪವಡಿಸಿದಿರಿ. ಇತ್ತ ಪಿಜಿಗಳು, ಅಂದರೆ ರೆಸಿಡೆಂಟರಾಗಿ ದುಡಿಯುವ ಸ್ನಾತಕೋತ್ತರ ವಿದ್ಯಾರ್ಥಿಗಳು, ಎದ್ದೇ ಇದ್ದಾರೆ. ಬೆಳಗ್ಗೆ ರೌಂಡ್ಸ್, ಆಮೇಲೆ ಓಪಿಡಿ, ರಾತ್ರಿ ಎಮರ್ಜೆನ್ಸಿ, ಮರುದಿನ ಮತ್ತೆ ರೌಂಡ್ಸ್. ಮೂವತ್ತಾರು ಗಂಟೆಯ ಡ್ಯೂಟಿ ಅವರಿಗೆ ಮಾಮೂಲು.

ತಮ್ಮ ಬಂಧುಬಳಗದ ಸಮಾಚಾರ ತಿಳಿಸುವುದಾದರೆ, 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಹೊಸ ಸ್ನಾತಕೋತ್ತರ ನಿಯಮಾವಳಿ ಹುಟ್ಟಿತು. ಗಂಟೆಗಳ ಲೆಕ್ಕದ ಗೊಡವೆಯೇ ಬೇಡವೆಂದು, ಕೆಲಸವೂ ವಿಶ್ರಾಂತಿಯೂ ಸಮಂಜಸವಾಗಿರಲಿ ಎಂದಷ್ಟೇ ಹೇಳಿತು. ಎಷ್ಟಾದರೆ ಸಮಂಜಸ ಎಂಬುದು ವಿಭಾಗ ಮುಖ್ಯಸ್ಥರ ಚಿತ್ತ. 2024ರಲ್ಲಿ ಅದೇ ಆಯೋಗದ ಕಾರ್ಯಪಡೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಪರಿಶೀಲಿಸಿ, ದುಡಿಮೆ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. ತಮ್ಮ 48ಕ್ಕೆ 32 ವರ್ಷಗಳ ನಿದ್ರಾಸೇವೆಯ ಬಳಿಕ 26 ಗಂಟೆಗಳ ಬಡ್ತಿ!

ಹೀಗೆ ದುಡಿದವರನ್ನು ಕಾಡುವ ಬರ್ನ್‌ಔಟ್ ಕಾಯಿಲೆಯಲ್ಲ, ಕೆಲಸದ ಜಾಗದಲ್ಲಿ ನಿಭಾಯಿಸದೆ ಬಿಟ್ಟ ಒತ್ತಡದ ಫಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ವಿವರಿಸಿದೆ. ಮೈಯ ತ್ರಾಣ ಬತ್ತುತ್ತದೆ, ಕೆಲಸದಿಂದ ಮನಸ್ಸು ದೂರ ಸರಿಯುತ್ತದೆ, ಮಾಡಿದ್ದೇನೂ ಸಾಲದೆನ್ನಿಸುತ್ತದೆ. ಎಡವಟ್ಟು ಡ್ಯೂಟಿ ಪಟ್ಟಿಯದು. ಮದ್ದು ಮಾತ್ರ ವೈದ್ಯರಿಗೆ. ಪ್ರಾಣಾಯಾಮ ಮಾಡಿ, ಒಳ್ಳೆಯದನ್ನೇ ಯೋಚಿಸಿ! ಒತ್ತಡ ನಿವಾರಣೆಯ ಉಪನ್ಯಾಸಕ್ಕೆ ನೈಟ್ ಡ್ಯೂಟಿ ಮುಗಿಸಿದವರ ಹಾಜರಿ ಕಡ್ಡಾಯ ಮಾಡಿದರೆ ಒಂದು ಲಾಭವುಂಟು: ಅಲ್ಲಾದರೂ ಒಂದು ಗಂಟೆ ತೂಕಡಿಸಬಹುದು.

ಕೃತಜ್ಞತೆಗೇನೂ ಕೊರತೆಯಿಲ್ಲ. ಕೋವಿಡ್ ಕಾಲದಲ್ಲಿ, 2020ರ ಮೇ 3ರಂದು, ವಾಯುಪಡೆಯ ಹೆಲಿಕಾಪ್ಟರುಗಳು ಆಸ್ಪತ್ರೆಗಳ ಮೇಲೆ ಹೂಮಳೆಗರೆದವು. ಹೂವಿನ ಜೊತೆ ಒಂದೇ ಒಂದು ರಜೆಚೀಟಿಯೂ ಉದುರಲಿಲ್ಲ.

ಆದಕಾರಣ ತಾವು ದಯಮಾಡಿ ಏಳಬೇಕು. ಬೋಧಕರು ಬಂದರೋ ಇಲ್ಲವೋ ಎಂದು ನೋಡಲು ಆಯೋಗದ ಬಳಿ ಆಧಾರ್ ಜೋಡಿಸಿದ ಹಾಜರಿ ವ್ಯವಸ್ಥೆಯಿದೆ. ಪಿಜಿಗಳು ಮನೆಗೆ ಹೋದರೋ ಇಲ್ಲವೋ ಎಂಬುದನ್ನೂ ಅದೇ ನೋಡಲಿ. ವಾರದ ಮೊತ್ತ 48 ದಾಟಿದಲ್ಲಿ ನೋಟಿಸು ಕಾಲೇಜಿಗೆ ಹೋಗಲಿ. ಜನ ಸಾಲದಿದ್ದರೆ ಖಾಲಿ ಹುದ್ದೆ ತುಂಬಲಿ.

ಇತಿ,
ತಮ್ಮನ್ನು ಓದಿದ ಕೆಲವೇ ನಾಗರಿಕರು

ಪ್ರತಿ: ಎಲ್ಲ ವೈದ್ಯಕೀಯ ಕಾಲೇಜುಗಳ ವಿಭಾಗ ಮುಖ್ಯಸ್ಥರಿಗೆ, ಮಾಹಿತಿಗಾಗಿ ಅಲ್ಲ, ಕ್ರಮಕ್ಕಾಗಿ.