ಉದ್ದನೆಯ ಹುಡುಗನ ಸಂಭಾವ್ಯ ಪರಿಣಾಮ: ಒಂದು ಜಾತ್ರಾಶಾಸ್ತ್ರೀಯ ಜಿಜ್ಞಾಸೆ

ಚುಂಚನಕಟ್ಟೆಯ ವಿದ್ವತ್ ವಲಯದಲ್ಲಿ (ಟೀ ಅಂಗಡಿ ಎಂದು ಓದಿಕೊಳ್ಳುವುದು) ಸದ್ಯ ಚರ್ಚೆಯಲ್ಲಿರುವ ಪ್ರಮೇಯ ಇದು: ಊರಿನ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಸಿಕ್ಕಿರುವ ಆರೂಮುಕ್ಕಾಲು ಅಡಿಯ ಹದಿನೇಳರ ಹುಡುಗ ಹುಣಸೂರಿನವರನ್ನು ಏನು ಮಾಡಿಯಾನು? ಹುಡುಗ ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲ. ಹಾಗಾಗಿ ಅಭಿಪ್ರಾಯಗಳಿಗೆ ಬರವಿಲ್ಲ.

ಮೊದಲು ಪ್ರತ್ಯಕ್ಷ ಪ್ರಮಾಣ. ರಿಂಗು ನೆಲದಿಂದ 10 ಅಡಿ. ಹುಡುಗ ಕೈಯೆತ್ತಿದರೆ ಉಳಿಯುವುದು ಗೇಣಿಗಿಂತ ತುಸು ಹೆಚ್ಚು. ಎರಡನೆಯದು ಆಪ್ತವಾಕ್ಯ. ಸಂಕ್ರಾಂತಿಯ ಹೊತ್ತಿನ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಹೋರಿಗಳ ಹಲ್ಲು ಎಣಿಸಿ, ಸುಳಿ ನೋಡಿ, ಟವೆಲಿನಡಿ ಬೆರಳು ಹಿಡಿದು ಬೆಲೆ ಕಟ್ಟುವ ದಲ್ಲಾಳಿಯೊಬ್ಬರನ್ನು ಕರೆಸಲಾಯಿತು. ಹುಡುಗನನ್ನು ಎರಡು ಸುತ್ತು ಹಾಕಿ ಅವರು ಕೊಟ್ಟ ವರದಿ: “ಎತ್ತರ ಅದೆ, ಕಾಲೂ ಚೆಂದಾಗವೆ. ಬಾಯಿ ಇನ್ನೂ ಕೂಡಿಲ್ಲ. ನೊಗ ಹೊರಿಸ್ದೆ ಬೆಲೆ ಕಟ್ಬೇಡಿ ಕಣ್ರಪ್ಪ.” ಶಾಸ್ತ್ರ ಇಲ್ಲಿಗೇ ಮುಗಿಯಬಹುದಿತ್ತು, ಪುಟ ಉಳಿದಿದೆ.

ಪೂರ್ವಪಕ್ಷ, ಹುಣಸೂರಿನವರದು: ಚೆಂಡು ಕೈಗೆ ಸಿಕ್ಕರೆ ತಾನೆ ಹಾಕೋದು? ಇದು ಉಡಾಫೆಯಲ್ಲ. 1950ರ ನವೆಂಬರ್ 22ರಂದು ಅಮೆರಿಕದ ಎನ್‌ಬಿಎ ಲೀಗಿನಲ್ಲಿ ಮಿನಿಯಾಪೊಲಿಸ್ ಲೇಕರ್ಸ್‌ನ ಜಾರ್ಜ್ ಮೈಕನ್ ಎಂಬ 6 ಅಡಿ 10 ಅಂಗುಲದ ಮಹಾಶಯನ ಎದುರು ಫೋರ್ಟ್ ವೇಯ್ನ್ ಪಿಸ್ಟನ್ಸ್ ತಂಡ ಮಾಡಿದ್ದೂ ಇದನ್ನೇ. ಎಸೆಯದೆ ಚೆಂಡು ಹಿಡಿದು ನಿಂತುಬಿಟ್ಟರು. ಪಿಸ್ಟನ್ಸ್ 19, ಲೇಕರ್ಸ್ 18. ಆ 18ರಲ್ಲಿ 15 ಮೈಕನ್ನನವೇ! ಪಾಪ, ಅವನು ಇನ್ನೇನು ಮಾಡಬೇಕಿತ್ತು?

ಮರುವರ್ಷ ರಿಂಗಿನಡಿ ಅವನು ಬೀಡುಬಿಡದಂತೆ ಅಲ್ಲಿನ ಪಟ್ಟೆಯನ್ನು 6 ಅಡಿಯಿಂದ 12 ಅಡಿಗೆ ಹಿಗ್ಗಿಸಿದರು. 1954ರಲ್ಲಿ, ಚೆಂಡು ಸಿಕ್ಕವರು 24 ಸೆಕೆಂಡಿನೊಳಗೆ ಎಸೆಯಲೇಬೇಕೆಂಬ ನಿಯಮ ಬಂತು. ಆದ್ದರಿಂದ ಸಿದ್ಧಾಂತ: ಉದ್ದನೆಯವನ ಪೆಟ್ಟು ಎದುರಾಳಿಗಿಂತ ರೂಲ್‌ಬುಕ್ಕಿಗೇ ಜೋರು. ಬರೀ ಎತ್ತರ ನಂಬುವವರಿಗೆ ಪಂಜಾಬಿನ ಸತ್ನಾಮ್ ಸಿಂಗ್ ಉದಾಹರಣೆ. 7 ಅಡಿ 2 ಅಂಗುಲ. 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿಕೊಂಡಿತು. ಎನ್‌ಬಿಎ ಲೀಗ್ ಪಂದ್ಯ ಒಂದೂ ಆಡಲಿಲ್ಲ.

ಇನ್ನು ಸ್ಥಾನನಿರ್ಣಯ. ಸೆಂಟರ್ ಆಡುವವನು ರಿಂಗಿನಡಿಯೇ ನಿಲ್ಲಬೇಕೆಂಬ ಸಂಪ್ರದಾಯವಾದಿಗಳು ನಮ್ಮ ಕೋದಂಡರಾಮನ ಗುಡಿಗೆ ಒಮ್ಮೆ ಹೋಗಿಬರಲಿ. ಇಲ್ಲಿ ಸೀತಮ್ಮ ವಾಡಿಕೆಯ ಎಡ ಬಿಟ್ಟು ರಾಮನ ಬಲಕ್ಕೆ ನಿಂತಿದ್ದಾಳೆ, ಪೂಜೆಗೇನೂ ಕೊರತೆಯಾಗಿಲ್ಲ. ಹುಡುಗ ಆಗಾಗ ಹೊರಗೆ ಬಂದು ಪಾಸ್ ಕೊಟ್ಟರೆ ಆಕಾಶ ಬೀಳುವುದಿಲ್ಲ.

ಒಂದು ತೊಡಕು ಮಾತ್ರ ಬಗೆಹರಿದಿಲ್ಲ. ನಮ್ಮ ಮೈದಾನದಲ್ಲಿ 24 ಸೆಕೆಂಡಿನ ಗಡಿಯಾರವಿಲ್ಲ. ಅಂದರೆ ಇಲ್ಲಿ ಇನ್ನೂ 1950; ಹುಣಸೂರಿನವರು ಸಂಜೆವರೆಗೆ ಚೆಂಡು ಹಿಡಿದು ನಿಲ್ಲಬಹುದು. ಎಣಿಕೆಯಲ್ಲಿ ಪಳಗಿದ ದಲ್ಲಾಳಿಯವರೇ ಗೆರೆಯಾಚೆ ಕೂತು ಎಣಿಸಲು ಒಪ್ಪಿದ್ದಾರೆ. ಅವರ ಸೊಸೆ ಹುಣಸೂರಿನವಳೆಂಬ ಆಕ್ಷೇಪಣೆ ಬಂದದ್ದರಿಂದ ಒಂದು ಷರತ್ತು ಹಾಕಿದ್ದೇವೆ: ಬಾಯಿಬಿಟ್ಟು ಎಣಿಸಬೇಕು, ಟವೆಲಿನಡಿ ಅಲ್ಲ.