ಪಾದೂರಿನ ತೈಲರಾಯರಿಗೆ ಕಲ್ಯಾಣಪುರದಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಚ್ಚಾ ತೈಲರಾಯರೇ,

ನೀವು ಕ್ಷೇಮವಾಗಿರುವುದು ನಮಗೆ ಗೊತ್ತು. ಕಾಪು ತಾಲೂಕಿನ ಪಾದೂರಿನಲ್ಲಿ ಬಂಡೆ ಕೊರೆದು, ನೆಲದಡಿ 25 ಲಕ್ಷ ಟನ್ ಹಿಡಿಸುವಷ್ಟು ದೊಡ್ಡ ಮನೆ ಕಟ್ಟಿಕೊಟ್ಟಿದ್ದಾರೆ. 2019ರ ಫೆಬ್ರವರಿಯಲ್ಲಿ ಪ್ರಧಾನಿಯವರಿಂದಲೇ ಲೋಕಾರ್ಪಣೆಯಾಯಿತು. ನೀವು ಸೋರಿಹೋಗದಂತೆ ಬಂಡೆಯೊಳಗಿನ ನೀರು ಸುತ್ತಲಿಂದ ಒತ್ತಿ ಹಿಡಿದಿರುತ್ತದೆ. ಆ ಒತ್ತಡ ಎಲ್ಲಿ ಕಮ್ಮಿಯಾದೀತೋ ಎಂದು ಮೇಲಿನಿಂದ ನೀರಿನ ಪರದೆ ಬೇರೆ. ಮಂಗಳೂರಿನಿಂದ ಬರುವಾಗಲೂ ನೀವು ಹೆದ್ದಾರಿಗೆ ಕಾಲಿಟ್ಟವರಲ್ಲ, ಪೈಪಿನೊಳಗೇ ಬಂದವರು. ಬುದ್ಧಿವಂತರು.

ನಾವು ಹಾಗಲ್ಲ ಮಾರಾಯ್ರೆ. ನಾವು ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದವರು. ಕಲ್ಯಾಣಪುರ ಸಂತೆಕಟ್ಟೆಯ ಅಂಡರ್‌ಪಾಸ್ ಕಾಮಗಾರಿ ವರ್ಷಗಟ್ಟಲೆ ಎಳೆದದ್ದು, ಅಷ್ಟು ಕಾಲವೂ ಊರಿನವರು ಸರ್ವಿಸ್ ರಸ್ತೆಯ ಹೊಂಡಗಳನ್ನು ಎಣಿಸಿದ್ದು ನಿಮ್ಮ ಗುಹೆಯವರೆಗೆ ಮುಟ್ಟಿರಲಾರದು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತ ಅಕ್ಕ ರಸ್ತೆ ದಾಟಲು ನಿಲ್ಲುತ್ತಾರೆ. ಒಂದು ಕಾಲು ಡಾಮರಿನ ಮೇಲೆ, ಇನ್ನೊಂದು ಮಣ್ಣಿನಲ್ಲಿ. ಜಲ್ಲಿಯ ಟಿಪ್ಪರ್ ಹೋಗುತ್ತದೆ, ಟಾರ್ಪಾಲಿನಡಿಯಿಂದ ನಾಲ್ಕು ಕಲ್ಲು ಉದುರಿಸಿ ಹೋಗುತ್ತದೆ. ಅದರ ಬೆನ್ನಿಗೇ ನಿಮ್ಮ ಬಳಗದ ಟ್ಯಾಂಕರ್. ಹಿಂಬದಿಯ ಫಲಕದಲ್ಲಿ 1203 ಎಂದು ಬರೆದಿರುತ್ತದೆ. ಅದು ಪೆಟ್ರೋಲಿಗೆ ವಿಶ್ವಸಂಸ್ಥೆ ಕೊಟ್ಟ ನಂಬರ್. ಜಗತ್ತಿನ ಯಾವ ಮೂಲೆಯಲ್ಲಿ ಪಲ್ಟಿಯಾದರೂ ಒಳಗಿರುವವರು ಯಾರೆಂದು ಅಗ್ನಿಶಾಮಕದವರಿಗೆ ತಿಳಿಯಬೇಕಲ್ಲ. ಬುಟ್ಟಿಯ ಅಕ್ಕನಿಗೆ ಅಂಥ ನಂಬರ್ ಇಲ್ಲ. ಸಂಬಳದ ಚೀಟಿಯೂ ಇಲ್ಲ. ಆ ಚೀಟಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಬಳಗದವರು ರಸ್ತೆಗಿಳಿದರೆ ಏನಾಗುತ್ತದೆಂದು ಈ ಕರಾವಳಿಗೆ ಗೊತ್ತು. 2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ಹೊರಟ ಅನಿಲ ಟ್ಯಾಂಕರ್ ಕಣ್ಣೂರಿನ ಚಾಲದಲ್ಲಿ ಮಗುಚಿ ಸಿಡಿಯಿತು, 20 ಮಂದಿ ಹೋದರು. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಇನ್ನೊಂದು ಮಗುಚಿತು. ಅಲ್ಲಿ ರಸ್ತೆಯಲ್ಲಿದ್ದವರು ಮಾತ್ರವಲ್ಲ, ಪಕ್ಕದ ಮನೆಗಳಲ್ಲಿದ್ದವರೂ ಸುಟ್ಟುಹೋದರು. ಹೆಲ್ಮೆಟ್ ಹಾಕಲಿಲ್ಲ, ಅಡ್ಡ ಬಂದರು ಎಂದು ಅವರ ಮೇಲೆ ತಪ್ಪು ಹೊರಿಸಲಿಕ್ಕಂತೂ ಸಾಧ್ಯವಿರಲಿಲ್ಲ.

ಕಾನೂನು ಇದೆಯಲ್ಲ ಎನ್ನುತ್ತೀರಿ. ಧಾರಾಳ ಇದೆ. ಭೋಪಾಲದ ನಂತರ ನಿಮ್ಮಂಥ ಅಪಾಯಕಾರಿಗಳಿಗಾಗಿಯೇ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯಿದೆ ಬಂತು. ಯಾರ ತಪ್ಪೆಂದು ಸಾಬೀತು ಮಾಡುವ ಗೋಜಿಲ್ಲದೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಕಾಯಿದೆ ಬಂದಾಗ ಅದರ ಅನುಸೂಚಿಯಲ್ಲಿ ಜೀವಕ್ಕೆ ಬರೆದದ್ದು 25,000 ರೂಪಾಯಿ, ಮನೆಮಾರು ಸುಟ್ಟರೆ ಹೆಚ್ಚೆಂದರೆ 6,000. ಅರ್ಜಿ ಹಾಕಲು ಐದು ವರ್ಷ ಟೈಮು. ದೊಡ್ಡ ಮೊತ್ತ ಬೇಕಿದ್ದರೆ ಮೋಟಾರು ವಾಹನ ಕಾಯಿದೆಯ 166ನೇ ಕಲಮಿನಡಿ ಉಡುಪಿಯ ನ್ಯಾಯಮಂಡಳಿಗೆ ಹೋಗಬೇಕು. ಅಲ್ಲಿ 2022ರ ಏಪ್ರಿಲ್ 1ರಿಂದ ಗಡುವು ಆರೇ ತಿಂಗಳು. ಸಣ್ಣ ದುಡ್ಡಿಗೆ ದೊಡ್ಡ ಪುರುಸೊತ್ತು, ದೊಡ್ಡ ದುಡ್ಡಿಗೆ ಸಣ್ಣ ಪುರುಸೊತ್ತು. ಗಂಡನನ್ನು ಕಳಕೊಂಡವಳು ಉತ್ತರಕ್ರಿಯೆ ಮುಗಿಸಿ, ಸಾಲದವರಿಗೆ ಸಮಾಧಾನ ಹೇಳಿ, ಎಫ್‌ಐಆರ್ ಪ್ರತಿಗೆ ಠಾಣೆಗೆ ಅಲೆಯುವಷ್ಟರಲ್ಲಿ ಆರು ತಿಂಗಳು ಯಾವ ಲೆಕ್ಕ? ಈ ಗಡುವಿನ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಗಿದೆ. ಇತ್ಯರ್ಥವಾಗುವ ತನಕ ತಡವಾಯಿತೆಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಬೇಡಿ ಎಂದು 2025ರ ನವೆಂಬರಿನಲ್ಲಿ ಅದು ಹೇಳಿತು. ಹಾಗೆಂದು ಕಾಯುತ್ತ ಕೂರಬೇಡಿ ಎಂದು ಈ ಪತ್ರವನ್ನು ಕದ್ದು ಓದುವ ನಮ್ಮೂರವರಿಗೆ ಹೇಳುತ್ತೇನೆ.

ನಿಯಮದ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನದೊಳಗೆ ವಿವರವಾದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಇದು ಗೊತ್ತಿರುವವರು ಠಾಣೆಯಲ್ಲಿ ಕೇಳುತ್ತಾರೆ. ಗೊತ್ತಿಲ್ಲದವರ ಮನೆಗೆ ಮೂರನೇ ದಿನ ಲಾರಿ ಕಡೆಯ ಯಾರೋ ಬಂದು, "ಕೋರ್ಟು ಗೀರ್ಟು ಎಂತಕ್ಕೆ, ಅರುವತ್ತು ಸಾವಿರ ಕೊಡ್ತೇವೆ, ರಾಜಿ ಮಾಡುವ" ಎನ್ನುತ್ತಾರೆ.

ಚೀಟಿಯ ವಿಷಯ. ಪರಿಹಾರದ ಲೆಕ್ಕ ಆದಾಯದ ಮೇಲೆ. ಸತ್ತವರ ವರ್ಷದ ದುಡಿಮೆಯಲ್ಲಿ ಅವರ ಸ್ವಂತ ಖರ್ಚು ಕಳೆದು, ವಯಸ್ಸಿಗೆ ತಕ್ಕ ಅಂಕೆಯಿಂದ ಗುಣಿಸುತ್ತಾರೆ: 40 ವರ್ಷದವರಾದರೆ 15, 60ರವರಾದರೆ 9. ಮೀನು ಮಾರುವವರ ದುಡಿಮೆಗೆ ಕಾಗದವೆಲ್ಲಿ? ಹಾಗಾಗಿ ಕಾಲ್ಪನಿಕ ಆದಾಯ. ಬೆಳಗ್ಗಿನ ಜಾವ ಮಲ್ಪೆ ಬಂದರಿನಲ್ಲಿ ಏಲಂ ಕೂಗಿ, ಐಸ್ ಹಾಕಿ, ಮನೆ ಮನೆ ಸುತ್ತಿದ್ದೆಲ್ಲ ಕೋರ್ಟಿನ ಕಡತದಲ್ಲಿ ಕಲ್ಪನೆ. ಮಹಿಳೆಯರಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ, ಅಷ್ಟು ಒಳ್ಳೆಯದು. ಗಾಯಗೊಂಡವರಿಗೆ 2025ರ ಮೇಯಿಂದ ಏಳು ದಿನದ ಮಟ್ಟಿಗೆ ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆಯ ಯೋಜನೆಯೂ ಇದೆ. ಎಂಟನೇ ದಿನ ಮೂಳೆ ತಾನಾಗಿ ಕೂಡಿಕೊಳ್ಳುತ್ತದೆಂದು ಯೋಜನೆ ಬರೆದವರಿಗೆ ನಂಬಿಕೆ ಇರಬೇಕು.

ಇನ್ನು ನಿಮ್ಮಲ್ಲಿ ಒಂದು ಕೋರಿಕೆ. 2021ರಲ್ಲಿ ಪಾದೂರಿನ ಎರಡನೇ ಹಂತಕ್ಕೂ ಕೇಂದ್ರ ಸಂಪುಟ ಒಪ್ಪಿದೆ, ಇನ್ನೂ 25 ಲಕ್ಷ ಟನ್. ಸಂತೋಷ. ಆದರೆ ಹೊಸ ಕೋಣೆಗೆ ಒಡೆದ ಬಂಡೆ ಪೈಪಿನಲ್ಲಿ ಹೋಗುವುದಿಲ್ಲ, ಟಿಪ್ಪರಿನಲ್ಲೇ ಹೋಗಬೇಕು. ನಿಮ್ಮ ಸುರಕ್ಷತೆಗೆ ಕೂತ ಎಂಜಿನಿಯರುಗಳಲ್ಲಿ ಒಬ್ಬರನ್ನಾದರೂ ಒಂದು ವಾರ ರಸ್ತೆ ಬದಿಗೆ ಕಳಿಸಿಕೊಡಿ. ನೀರಿನ ಪರದೆ ಬೇಡ. ಒಂದು ತಡೆಗೋಡೆ, ಉರಿಯುವ ನಾಲ್ಕು ದೀಪ, ಶಾಲೆ ಬಿಡುವ ಹೊತ್ತಿಗೆ ಟಿಪ್ಪರಿಗೆ ತಡೆ, ಇಷ್ಟು ಸಾಕು.

ಇತಿ ನಿಮ್ಮ ನೆರೆಯವ,
ಕಲ್ಯಾಣಪುರದ ಒಬ್ಬ ಸ್ಕೂಟರ್ ಸವಾರ

ವಿ.ಸೂ.: ಗುದ್ದಿದ ಗಾಡಿ ಯಾವುದೆಂದು ಗೊತ್ತಾದರೆ ಮೋಟಾರು ವಾಹನ ಕಾಯಿದೆಯ 164ನೇ ಕಲಮಿನಡಿ ತಪ್ಪು ಯಾರದೆಂದು ಕೇಳದೆ ಸಾವಿಗೆ 5 ಲಕ್ಷ. ಪತ್ತೆಯಾಗದೆ ಓಡಿಹೋದರೆ 161ರಡಿ 2 ಲಕ್ಷ. ಸತ್ತವನು ಅವನೇ, ಆದರೆ ಚಾಲಕ ಆಕ್ಸಿಲರೇಟರ್ ಒತ್ತಿದ ಮಾತ್ರಕ್ಕೆ ಬೆಲೆ 3 ಲಕ್ಷ ಇಳಿಯುತ್ತದೆ. ಆದ್ದರಿಂದ ನಿಮ್ಮ ಬಳಗದವರಿಗೆ ಹೇಳಿ, ಹೊರಡುವ ಮೊದಲು ಹಿಂದಿನ ನಂಬರ್ ಪ್ಲೇಟಿನ ಕೆಸರು ಒರೆಸಿಕೊಳ್ಳಲಿ. ಕ್ಲೀನರಿಗೆ ಎರಡು ನಿಮಿಷದ ಕೆಲಸ.